ಅರಗಿನ ಅಂಗಿ, ಜರಿಯ ಸೀರೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆ ಬೊಂಬೆಗಳ ರಸ್ತೆಯೂ ಹೌದು. ಸುಮಾರು 60 ಕಿ.ಮೀ. ದೂರದಲ್ಲಿ ಚನ್ನಪಟ್ಟಣ. ಇಲ್ಲಿ ಬೊಂಬೆಗೆ ಅರಗಿನ ಅಂಗಿ ತೊಡಿಸುತ್ತಾರೆ. ರಸ್ತೆಯ ಕೊನೆಯಲ್ಲಿ ಮೈಸೂರು. ಅಲ್ಲಿ ಬೊಂಬೆಗೆ ಜರಿಯ ಸೀರೆ ಉಡಿಸುತ್ತಾರೆ. ಎರಡೂ ಕಡೆ ಕೆಲಸ ನಡೆಯುವುದು ದೊಡ್ಡ ಕಾರ್ಖಾನೆಯಲ್ಲಲ್ಲ. ಮನೆಯ ಮುಂದಿನ ಪಡಸಾಲೆಯಲ್ಲಿ, ಹಿತ್ತಲಿನ ಶೆಡ್ಡಿನಲ್ಲಿ, ಅಡುಗೆ ಮುಗಿದ ಮೇಲೆ ಸಿಗುವ ಮಧ್ಯಾಹ್ನದ ಬಿಡುವಿನಲ್ಲಿ.

ಚನ್ನಪಟ್ಟಣದಲ್ಲಿ ಬಸ್ಸಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಅಂಗಡಿಗಳ ಮುಂದೆ ತೂಗುಕುದುರೆ, ತಲೆಯಾಡಿಸುವ ಅಜ್ಜ-ಅಜ್ಜಿ, ಗಂಡು-ಹೆಣ್ಣಿನ ಜೋಡಿ, ಗಿಲಕಿ, ಬುಗುರಿ. ಆದರೆ ಬೊಂಬೆ ಹುಟ್ಟುವುದನ್ನು ನೋಡಬೇಕಾದರೆ ಅಂಗಡಿ ಸಾಲನ್ನು ಬಿಟ್ಟು ಒಳಗೆ ನಡೆಯಬೇಕು. ಕಲಾನಗರದಲ್ಲೋ ನೀಲಸಂದ್ರದಲ್ಲೋ ಲೇತ್ ಯಂತ್ರದ ಗುಂಯ್ ಎನ್ನುವ ಸದ್ದು ಹಿಡಿದು ಹೋದರೆ ಸಾಕು, ಕೆಲಸದ ಮನೆ ತಾನಾಗಿಯೇ ಸಿಗುತ್ತದೆ.

ಈ ಕಸುಬಿಗೆ ಆಧಾರ ಹಾಲೆ ಮರ. ದಂತದಂತೆ ಬೆಳ್ಳಗಿರುವ, ಮೃದುವಾದ, ನವಿರು ಎಳೆಯ ಮರ ಇದು. ಕಡಿದು ತಂದ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ತೊಗಟೆ ತೆಗೆದು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಹಸಿ ಇದ್ದರೆ ಬೊಂಬೆ ಮುಂದೆ ಬಿರುಕು ಬಿಡುತ್ತದೆ. ಅಂದರೆ ಇವತ್ತು ಮರಕ್ಕೆ ಕೊಟ್ಟ ದುಡ್ಡು ಬೊಂಬೆಯಾಗಿ ಮರಳಿ ಕೈ ಸೇರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸಣ್ಣ ಬಂಡವಾಳದವರಿಗೆ ಮೊದಲ ಕಷ್ಟ ಇದೇ.

ಒಣಗಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿ ಹಿಡಿದರೆ ಹೊಟ್ಟು ಹಾರುತ್ತದೆ, ರೂಪ ಮೂಡುತ್ತದೆ. ಅಳತೆ ಪಟ್ಟಿಗಿಂತ ಹೆಚ್ಚಾಗಿ ಕಣ್ಣು ಮತ್ತು ಬೆರಳನ್ನೇ ನಂಬುವ ಕೆಲಸ ಇದು. ಒಂದೇ ಜೋಡಿಯ ಎರಡು ಬೊಂಬೆಗಳ ಭುಜ ಸಮನಾಗಿ ಬರಬೇಕಾದರೆ ಕೈ ವರ್ಷಗಟ್ಟಲೆ ಪಳಗಿರಬೇಕು.

ಅನಂತರ ಬರುವುದು ಬಟ್ಟೆ. ಚನ್ನಪಟ್ಟಣದ ಬೊಂಬೆಗೆ ನೂಲಿಲ್ಲ, ಸೂಜಿಯಿಲ್ಲ, ಅರಗೇ ಉಡುಪು. ಅರಗಿನ ಹುಳು ಮರದ ರೆಂಬೆಗಳ ಮೇಲೆ ಸ್ರವಿಸುವ ಅಂಟನ್ನು ಶುದ್ಧಮಾಡಿ, ಕಾಯಿಸಿ, ಬಣ್ಣ ಬೆರೆಸಿ, ಹಿಟ್ಟಿನಂತೆ ನಾದಿ ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಹೀಗೆ ಸಸ್ಯಮೂಲದ ಬಣ್ಣಗಳನ್ನೇ ಬಳಸುವವರೂ ಇದ್ದಾರೆ. ತಿರುಗುತ್ತಿರುವ ಬೊಂಬೆಗೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೆಂಪು ಕಡ್ಡಿ ಮುಟ್ಟಿದಲ್ಲಿ ರವಿಕೆ, ಹಸಿರು ಮುಟ್ಟಿದಲ್ಲಿ ಸೀರೆ, ಹಳದಿಯ ಒಂದು ಗೆರೆ ಎಳೆದರೆ ಅಂಚು. ಕೊನೆಗೆ ಕೇದಿಗೆಯ ಒಣಗರಿಯಿಂದ ಉಜ್ಜಿದಾಗ ಕನ್ನಡಿಯಂಥ ಹೊಳಪು. ಕಣ್ಣು, ಹುಬ್ಬು, ತುಟಿಗೆ ಮಾತ್ರ ಕುಂಚ ಬೇಕು.

ಜಪಾನಿಗೆ ಹೋಗಿ ಬಂದ ಕಸುಬುದಾರ

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಇಲ್ಲಿಗೆ ಬಂದಿತೆಂಬ ಮಾತು ಊರಿನಲ್ಲಿ ಬಾಯಿಂದ ಬಾಯಿಗೆ ನಡೆದುಬಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬ ಕಸುಬುದಾರರು ಜಪಾನಿಗೆ ಹೋಗಿ ಅಲ್ಲಿನ ಅರಗು ಕೆಲಸದ ರೀತಿಯನ್ನು ಕಲಿತು ಬಂದು ಊರಿನವರಿಗೆ ಹೇಳಿಕೊಟ್ಟರು. ಚನ್ನಪಟ್ಟಣದವರು ಇಂದಿಗೂ ಅವರನ್ನು ಗೌರವದಿಂದ ನೆನೆಯುತ್ತಾರೆ. ಕಲಿತದ್ದನ್ನು ಬಚ್ಚಿಡದೆ ಹಂಚಿದ್ದರಿಂದ ಒಂದು ಊರೇ ಬದುಕಿತು ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಚನ್ನಪಟ್ಟಣದ ಬೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೇರೆಡೆ ತಯಾರಾದ ಆಟಿಕೆಗೆ ಈ ಹೆಸರಿಟ್ಟು ಮಾರುವಂತಿಲ್ಲ ಎಂಬುದು ಇದರ ಅರ್ಥ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಹೊಡೆತವನ್ನು ತಡೆಯಲು ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಪ್ರಯೋಗಾಲಯದ ಖರ್ಚು ಭರಿಸಲಾರದ ಒಂದು ಲೇತ್‌ನ ಮನೆಗೆ ಇದು ಸಣ್ಣ ಉಪಕಾರವೇನಲ್ಲ.

ಬೊಂಬೆಗೆ ಸೀರೆ ಉಡಿಸುವುದು

ಅಲ್ಲಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರಿದರೆ ಬೊಂಬೆಯ ರೂಪವೇ ಬೇರೆ. ಅರಮನೆಯ ಗೊಂಬೆತೊಟ್ಟಿಯಲ್ಲಿ ಹಳೆಯ ಕಾಲದ ಬೊಂಬೆಗಳನ್ನು ಕಾಣಬಹುದು. ಮನೆಮನೆಯ ನವರಾತ್ರಿಯಲ್ಲಿ ಮೇಲಿನ ಸ್ಥಾನ ಪಟ್ಟದ ಬೊಂಬೆಗಳದು. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಮರದ ರಾಜ-ರಾಣಿಯರ ಜೋಡಿ ಇದು. ಪ್ರತಿವರ್ಷ ಪೆಟ್ಟಿಗೆಯಿಂದ ಹೊರತೆಗೆದು, ಒರೆಸಿ, ಹೊಸ ಬಟ್ಟೆ ಉಡಿಸಿ ಕೂರಿಸುತ್ತಾರೆ.

ಹಿಂದೆ ಈ ಅಲಂಕಾರ ಅಜ್ಜಿಯರ ಕೆಲಸವಾಗಿತ್ತು. ಈಗ ಸಮಯವಿಲ್ಲದವರು, ಕೈ ಬಾರದವರು ಅಲಂಕರಿಸಿದ ಜೋಡಿಯನ್ನೇ ಕೊಳ್ಳುತ್ತಾರೆ. ಹಾಗಾಗಿ ಮನೆಯಲ್ಲೇ ಕೂತು ಬೊಂಬೆಗೆ ಉಡುಪು ಹೊಲಿಯುವುದು ಕೆಲವು ಗೃಹಿಣಿಯರಿಗೆ ಸಣ್ಣ ಆದಾಯದ ದಾರಿಯಾಗಿದೆ. ಹೊರಗಿನಿಂದ ನೋಡಿದವರಿಗೆ ಸುಲಭವೆನಿಸುವ ಈ ಕೆಲಸ ಹಾಗಿಲ್ಲ. ಮನುಷ್ಯರ ಸೀರೆ ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ. ಗೇಣುದ್ದದ ಬೊಂಬೆಯ ಸೀರೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ಆದ್ದರಿಂದ ಒಂದೊಂದು ನೆರಿಗೆಯನ್ನೂ ಮಡಚಿ, ಹೊಲಿದು ಕೂರಿಸಬೇಕು. ಹೂವಿನ ವಿನ್ಯಾಸ ದೊಡ್ಡದಾದರೆ ಒಂದೇ ಹೂವು ಮೈಯೆಲ್ಲ ಮುಚ್ಚುತ್ತದೆ. ಅಂಚು ಎರಡು ಬೆರಳಿನಷ್ಟು ಅಗಲವಾದರೆ ಸೀರೆಯೇ ಕಾಣುವುದಿಲ್ಲ. ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಗಳಲ್ಲಿ ಕಿರಿದಾದ ಅಂಚಿರುವುದನ್ನು ಹೆಕ್ಕಿ ತರುವುದೇ ಅರ್ಧ ವಿದ್ಯೆ. ರಾಜನ ಪೇಟ, ರಾಣಿಯ ಸೊಂಟದ ಪಟ್ಟಿ, ಜಡೆಗೆ ಕಪ್ಪು ದಾರ, ಸರಕ್ಕೆ ಸಾಸಿವೆಯಷ್ಟು ಮಣಿ ಎಲ್ಲವೂ ಕೈಯಲ್ಲೇ ಆಗಬೇಕು.

ವ್ಯಾಪಾರವೋ ನವರಾತ್ರಿಯ ಮುಂಚಿನ ಕೆಲವೇ ವಾರ. ಆಷಾಢ, ಶ್ರಾವಣದಿಂದಲೇ ಹೊಲಿಯುತ್ತಾ ಕೂಡಬೇಕು. ಹಬ್ಬ ಮುಗಿದ ಮೇಲೆ ಉಳಿದದ್ದು ಮುಂದಿನ ವರ್ಷದವರೆಗೆ ಪೆಟ್ಟಿಗೆಯಲ್ಲಿ!

ರಸ್ತೆ ಪಕ್ಕಕ್ಕೆ ಸರಿದಾಗ

ಚನ್ನಪಟ್ಟಣದವರಿಗೆ ಹಬ್ಬಕ್ಕೆ ಕಾಯುವ ಕಷ್ಟವಿರಲಿಲ್ಲ. ಅವರ ಹಬ್ಬ ರಸ್ತೆಯ ಮೇಲೆ ದಿನವೂ ಹರಿಯುತ್ತಿತ್ತು. ಮೈಸೂರಿಗೆ ಹೊರಟ ಕಾರುಗಳು, ಶಾಲಾ ಪ್ರವಾಸದ ಬಸ್ಸುಗಳು ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಮಗು ಅತ್ತರೆ ಒಂದು ಬೊಂಬೆ ಖರ್ಚಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದರ ಬೈಪಾಸ್ ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಪ್ರಯಾಣದ ಸಮಯ ಉಳಿಯಿತು, ನಿಜ. ಆದರೆ ಹಳೆಯ ರಸ್ತೆಯ ಅಂಗಡಿಗಳಲ್ಲಿ ವ್ಯಾಪಾರ ಕುಸಿಯಿತು. ಅಂಗಡಿಯಲ್ಲಿ ಬೊಂಬೆ ಉಳಿದರೆ ಒಳಗಿನ ಬೀದಿಯ ಲೇತ್‌ಗೆ ಹೊಸ ಬೇಡಿಕೆ ಬರುವುದಿಲ್ಲ.

ಇದರ ಪರಿಣಾಮ ಮನೆಯೊಳಗೂ ತಟ್ಟುತ್ತದೆ. ಉಳಿ ಹಿಡಿದ ತಂದೆ ಮಗ ಓದಿ ನೌಕರಿ ಹಿಡಿಯಲಿ ಎನ್ನುತ್ತಾನೆ. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಈ ವಿದ್ಯೆ ಪುಸ್ತಕದಲ್ಲಿಲ್ಲ. ಅದಿರುವುದು ಪಕ್ಕದಲ್ಲಿ ಕೂತು ನೋಡುವ ಕಣ್ಣಿನಲ್ಲಿ. ಒಂದು ತಲೆಮಾರು ಎದ್ದುಹೋದರೆ ಮುಂದಿನವರಿಗೆ ಹೇಳಿಕೊಡುವವರಿರುವುದಿಲ್ಲ. ಓದಿದ ಮಕ್ಕಳೇ ಹೊಸ ವಿನ್ಯಾಸ ಮಾಡಿ, ಮನೆಯಿಂದಲೇ ದೂರದೂರಿಗೆ ಬೊಂಬೆ ಕಳಿಸುವ ದಾರಿ ಈಗ ತೆರೆದಿದೆ. ಓದು ಮತ್ತು ಉಳಿ ಒಂದೇ ಮನೆಯಲ್ಲಿ ಉಳಿಯುವುದಾದರೆ ಈ ದಾರಿಯಿಂದಲೇ ಉಳಿದೀತು.

ಮರ, ಅರಗು, ವಿದ್ಯುತ್ತು, ಒಡೆದು ಹಾಳಾದವುಗಳ ನಷ್ಟ, ಅಂಗಡಿಯವರ ಪಾಲು ಇಷ್ಟನ್ನೂ ಕಳೆದ ಮೇಲೆ ಉಳಿಯುವುದೇ ಕೈಯ ಕೂಲಿ. ಬೊಂಬೆಯ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಿದಾಗ ಮರದ ಬೆಲೆ ಇಳಿಯುವುದಿಲ್ಲ, ಕೂಲಿ ಇಳಿಯುತ್ತದೆ. ಇದು ಮಕ್ಕಳು ಮಾಡಿ ನೋಡಬಹುದಾದ ಒಳ್ಳೆಯ ಲೆಕ್ಕ.

ಬೆಂಗಳೂರು–ಮೈಸೂರು ನಡುವಿನ ಹಲವು ರೈಲುಗಳು ಚನ್ನಪಟ್ಟಣದಲ್ಲಿ ನಿಲ್ಲುತ್ತವೆ. ಹಳೆಯ ರಸ್ತೆಯಲ್ಲಿ ಬಸ್ಸುಗಳೂ ಓಡುತ್ತವೆ. ದಸರೆಯ ರಜೆಯಲ್ಲಿ ಮೈಸೂರಿಗೆ ಹೊರಟವರು ಒಂದು ಗಂಟೆ ಮೊದಲೇ ಮನೆ ಬಿಟ್ಟರೆ ನಡುವೆ ಇಳಿಯುವುದಕ್ಕೆ ಸಮಯ ಸಿಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮುನ್ನ ಮಕ್ಕಳನ್ನು ಲೇತ್‌ನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಬಿಳಿಯ ಮರದ ತುಂಡೊಂದು ಕಣ್ಣೆದುರಿಗೇ ಕೆಂಪು ರವಿಕೆ ತೊಟ್ಟು ನಿಲ್ಲುವುದನ್ನು ಕಂಡ ಮಗು ಆ ಬೊಂಬೆಯನ್ನು ಮುರಿದು ಮೂಲೆಗೆ ಎಸೆಯಲಾರದು.