ಎರಡನೇ ಅರ್ಜಿ

ಪ್ರಿಯ ಗೆಳತಿ,

ನಿಮ್ಮ ಪತ್ರ ಬಂತು. ಜರ್ಮನಿಯ ವೀಸಾ ಅರ್ಜಿ ತಿರಸ್ಕಾರವಾಯಿತು, ತಪ್ಪು ನನ್ನದೇ, ಮನೆಯವರಿಗೆ ಮುಖ ತೋರಿಸಲು ಆಗುತ್ತಿಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. 2025ರ ಜನವರಿಯಲ್ಲಿ ನನ್ನ ಪಾಡೂ ಇದೇ ಆಗಿತ್ತು.

ಲಕೋಟೆ ಬಂದಾಗ ಮಧ್ಯಾಹ್ನ. ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಅಮ್ಮ ಒಲೆ ಆರಿಸಿ ಓಡಿ ಬಂದರು. ಪಾಸ್‌ಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಎಲ್ಲೂ ಏನೂ ಅಂಟಿಸಿರಲಿಲ್ಲ. ಜೊತೆಗೆ ಮಡಿಸಿಟ್ಟಿದ್ದ ಕಾಗದದಲ್ಲಿ ಕಾರಣ ಇತ್ತು: ಖರ್ಚಿಗೆ ತೋರಿಸಿರುವ ಹಣ ಸಾಲದು.

ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು, ಅದು ನಿಮಗೆ ಗೊತ್ತು. ನನಗಿಂತ ಒಂದು ವರ್ಷ ಮುಂಚೆ ಹೋದವರ ಪಟ್ಟಿಯನ್ನೇ ನಂಬಿ ನಾನು 11,208 ಯೂರೋ ಕಟ್ಟಿದ್ದೆ. ಆ ಮೊತ್ತ 2024ರ ಸೆಪ್ಟೆಂಬರ್ 1ರಿಂದ 11,904 ಆಗಿತ್ತು. ತಿಂಗಳಿಗೆ 934 ಇದ್ದದ್ದು 992ಕ್ಕೆ ಏರಿತ್ತು. ನನಗೆ ಕಡಿಮೆ ಬಿದ್ದದ್ದು 696 ಯೂರೋ, ನಮ್ಮ ದುಡ್ಡಿನಲ್ಲಿ 60 ಸಾವಿರಕ್ಕೂ ಮೇಲೆ. ಸೊಸೈಟಿ ಸಾಲದ ಕಂತು ಕಟ್ಟುತ್ತಿದ್ದ ಅಪ್ಪನ ಮುಂದೆ ಆ ಅಂಕಿ ಹೇಳಲು ನಾಲಿಗೆ ಏಳಲಿಲ್ಲ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿಸಿಕೊಂಡು, "ಕಾರಣ ಒಂದೇ ಬರೆದಿದ್ದಾರಲ್ಲ ಪುಟ್ಟಿ, ಅದನ್ನು ಸರಿಮಾಡೋಣ" ಎಂದರು.

ನೀವೂ ಮೊದಲು ಆ ಕಾರಣವನ್ನು ನಿಧಾನವಾಗಿ ಓದಿ. ಮುಂದಿನ ಹೆಜ್ಜೆ ಅದರ ಮೇಲೆ ನಿಂತಿದೆ. ಮೊದಲೆಲ್ಲ ಅದೇ ಕಚೇರಿಗೆ ಮರುಪರಿಶೀಲನೆ ಕೋರಿ ಬರೆಯುವ ಅವಕಾಶ ಇತ್ತು, ರೆಮಾನ್‌ಸ್ಟ್ರೇಷನ್ ಎನ್ನುತ್ತಿದ್ದರು. 2025ರ ಜುಲೈ 1ರಿಂದ ಜರ್ಮನಿ ಅದನ್ನು ನಿಲ್ಲಿಸಿದೆ. ಈಗ ಇರುವುದು ಬರ್ಲಿನ್‌ನ ಆಡಳಿತ ನ್ಯಾಯಾಲಯ, ಇಲ್ಲವೇ ಹೊಸ ಅರ್ಜಿ. ಅಧಿಕಾರಿಯ ನಿರ್ಧಾರವೇ ತಪ್ಪು ಎನ್ನುವವರು ಕೋರ್ಟಿಗೆ ಹೋಗಲಿ, ಅದು ಅವರ ಹಕ್ಕು. ತಪ್ಪು ನಮ್ಮ ಕಾಗದದಲ್ಲೇ ಇದ್ದರೆ ಹೊಸ ಅರ್ಜಿಯೇ ಸರಿ ಎಂದು ನಾನು ನಂಬುತ್ತೇನೆ. ಕಟ್ಟಿದ 75 ಯೂರೋ ಶುಲ್ಕ ವಾಪಸ್ ಬರುವುದಿಲ್ಲ, ಮತ್ತೆ ಕಟ್ಟಬೇಕು. ಆದರೆ ಇಷ್ಟು ದಿನ ಕಾದು ಮತ್ತೆ ಹಾಕಿ ಎಂಬ ನಿರ್ಬಂಧ ಇಲ್ಲ.

ಒಂದು ಮಾತು ಬೇಡಿಕೊಂಡು ಹೇಳುತ್ತೇನೆ. ಹಿಂದೆ ಅರ್ಜಿ ತಿರಸ್ಕಾರವಾಗಿದೆಯೇ ಎಂಬ ಪ್ರಶ್ನೆ ಫಾರಂನಲ್ಲಿ ಬಂದಾಗ "ಹೌದು" ಎಂದೇ ಬರೆಯಿರಿ. ಯಾರೋ "ಇಲ್ಲ ಅಂತ ಹಾಕಿಬಿಡು, ಯಾರು ನೋಡ್ತಾರೆ" ಎಂದು ನನಗೂ ಹೇಳಿದ್ದರು. ಹಳೆಯ ಅರ್ಜಿಯ ದಾಖಲೆ ಅವರ ಹತ್ತಿರವೇ ಇರುತ್ತದೆ. ಹಣ ಕಡಿಮೆ ಬಿದ್ದರೆ ತುಂಬಿಸಬಹುದು, ಸುಳ್ಳು ಬರೆದು ಸಿಕ್ಕಿಬಿದ್ದರೆ ಅದನ್ನು ತುಂಬಿಸುವುದು ಯಾವುದರಿಂದ? ಜೊತೆಗೆ ಅರ್ಧ ಪುಟದ ವಿವರಣೆ ಇಟ್ಟಿದ್ದೆ: ಯಾವ ದಿನ ತಿರಸ್ಕಾರವಾಯಿತು, ತಪ್ಪೇನು, ಈಗ ಏನು ಸರಿಮಾಡಿದ್ದೇನೆ. ಕ್ಷಮೆ, ಕಷ್ಟ, ಸಾಲದ ಕಥೆ ಯಾವುದನ್ನೂ ಬರೆಯಲಿಲ್ಲ.

ಎರಡನೇ ಸಲ ಜನ ಎಡವುವುದು ತಾರೀಖುಗಳಲ್ಲಿ. ನನ್ನ ಏಪ್ರಿಲ್ ಸೆಮಿಸ್ಟರ್ ಕೈತಪ್ಪಿತ್ತು. ವಿಶ್ವವಿದ್ಯಾಲಯಕ್ಕೆ ಬರೆದು ಅಕ್ಟೋಬರಿನ ಹೊಸ ಪ್ರವೇಶಪತ್ರ ತರಿಸಿಕೊಂಡೆ. ವಿಮೆ ಶುರುವಾಗುವ ದಿನ, ಹೊರಡುವ ದಿನ ಎಲ್ಲವನ್ನೂ ಅದಕ್ಕೆ ಹೊಂದಿಸಿದೆ. ನಮ್ಮ ಅಂಕಪಟ್ಟಿ, ಪದವಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನು ಮತ್ತೆ ಮಾಡಿಸಬೇಕಾಗಲಿಲ್ಲ, ಹಳೆಯದೇ ನಡೆಯಿತು. ಹೆಸರಿನ ಕಡೆಗೂ ಗಮನ ಕೊಡಿ. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ ತುಂಬಿ. ನಾನು ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದ್ದೆ. ಅಮ್ಮ ಎದುರು ಕೂತು ಪಾಸ್‌ಪೋರ್ಟ್ ನೋಡಿ ಒಂದೊಂದೇ ಅಕ್ಷರ ಓದಿ ಹೇಳಿದ್ದರು.

ನಿಮ್ಮ ವಿವರಣೆಯ ಕರಡು ಆದ ಮೇಲೆ ನನಗೆ ಕಳಿಸಿ, ಅಂದು ರಾತ್ರಿಯೇ ಓದಿ ಉತ್ತರ ಬರೆಯುತ್ತೇನೆ. ಅದಕ್ಕೂ ಮೊದಲು, ಇವತ್ತು ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತುಕೊಳ್ಳಿ. ಆ ಕಾಗದವನ್ನು ಅವರಿಗೂ ಓದಿ ಹೇಳಿ.

ಪ್ರೀತಿಯಿಂದ,
ನಿಮ್ಮ ಗೆಳತಿ