ಚಿದ್ರಿಯ ಬುಧವಾರದ ಕೂಟ

ಚಿದ್ರಿ, ಬೀದರ್
ಆಗಮನ ಕಾಲದ ಎರಡನೆಯ ವಾರ

ಪ್ರೀತಿಯ ಅಕ್ಕ,

ನಾವೆಲ್ಲ ಕ್ಷೇಮ ಎಂದು ಬರೆಯುವಷ್ಟು ಮಂದಿ ಇಲ್ಲಿ ಇಲ್ಲ, ಇರುವವಳು ನಾನೊಬ್ಬಳೇ, ಆದರೂ ಕ್ಷೇಮ. ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದೆ, ‘ಅಲ್ಲಿ ಯಾವ ಗುಡಿಗೆ ಹೋಗ್ತಿ, ಯಾರ ಜೋಡಿ ಇರ್ತಿ’ ಅಂತ. ನಾನು ‘ಹೋಗ್ತೀನಿ ಬಿಡು’ ಎಂದು ಮಾತು ಹಾರಿಸಿದ್ದು ನಿನಗೆ ಸಮಾಧಾನ ಕೊಟ್ಟಿರಲಿಕ್ಕಿಲ್ಲ. ಅದು ನಿಂತ ಕಾಲಲ್ಲಿ ಹೇಳುವ ಸಂಗತಿ ಅಲ್ಲ. ಇವತ್ತು ಶಾಲೆಗೆ ರಜೆ, ಕೂತು ಬರೆಯುತ್ತಿದ್ದೇನೆ.

ಬೀದರಿನಲ್ಲಿ ಮೆಥೋಡಿಸ್ಟರದು ದೊಡ್ಡ ಸಮುದಾಯ. ನಮ್ಮ ಬೆಟಗೇರಿಗೆ ಬಾಸೆಲ್ ಮಿಷನ್ನಿನವರು 1841ರಲ್ಲೇ ಬಂದರಲ್ಲ, ಇಲ್ಲಿ ನಿಜಾಮನ ಸೀಮೆಯಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಕೆಲಸ ಹಿಡಿದದ್ದು ಆ ಶತಮಾನದ ಕೊನೆಯ ಹೊತ್ತಿಗೆ. 1947ರ ಸೆಪ್ಟೆಂಬರಿನಲ್ಲಿ ಮದ್ರಾಸಿನಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ಈ ಮೆಥೋಡಿಸ್ಟರು ಒಳಗೆ ಬರಲಿಲ್ಲ. 1981ರಿಂದ ಅವರದು ಸ್ವತಂತ್ರವಾದ ‘ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ’. ಊರೊಳಗೆ ಮಂಗಲಪೇಟೆಯಲ್ಲಿ ಅವರ ದೊಡ್ಡ ಚರ್ಚ್ ಇದೆ. ಬಂದ ಹೊಸತರಲ್ಲಿ ನಾನು ಅಲ್ಲಿಗೇ ಹೋದೆ. ಸತ್ಯವೇದ ನಮ್ಮದೇ, ಹಾಡುಗಳಲ್ಲಿಯೂ ಎಷ್ಟೋ ನಮ್ಮವೇ. ಆರಾಧನೆ ಚೆಂದಾಗಿತ್ತು. ಆದರೆ ನನ್ನ ಸ್ಥಿತಿ ನಿನಗೆ ಗೊತ್ತಲ್ಲ. ಅವ್ವ ಹೋದ ಮೇಲೆ ನನಗೆ ಪ್ರಾರ್ಥನೆ ನಿಂತೇ ಹೋಗಿತ್ತು. ಮೊಣಕಾಲೂರಿದರೆ ಮಾತು ಬರುತ್ತಿರಲಿಲ್ಲ. ದೊಡ್ಡ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಚನ ಮುಗಿದ ಕೂಡಲೇ ಎದ್ದು ಬರುವುದು ಸುಲಭ. ಎಷ್ಟು ವಾರ ಹಾಗೆ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ.

ನಾನು ಬಾಡಿಗೆಗೆ ಇರುವ ಚಿದ್ರಿ ಊರಿನ ಅಂಚಿನಲ್ಲಿದೆ. ವಾಯುಪಡೆಯ ತರಬೇತಿ ವಿಮಾನಗಳ ಸದ್ದಿಗೆ ಮಕ್ಕಳು ಪಾಠ ಬಿಟ್ಟು ಮೇಲೆ ನೋಡುತ್ತಾರೆ. ನೆಲ ಅಗೆದರೆ ಕೆಂಪು ಜಂಬಿಟ್ಟಿಗೆ, ಅದನ್ನೇ ಕೊರೆದು ಕಟ್ಟಿದ ಹಳೆಯ ಗೋಡೆಗಳು. ಅಂಗಡಿಯಲ್ಲಿ ಒಂದೇ ಮಾತಿನೊಳಗೆ ಕನ್ನಡ, ಉರ್ದು, ಮರಾಠಿ ಮೂರೂ ಬರುತ್ತವೆ. ಹೈದರಾಬಾದಿನ ಕಡೆಯವರು ಬಂದರೆ ತೆಲುಗೂ ಸೇರುತ್ತದೆ. ಪಕ್ಕದ ಮನೆಯ ಅಜ್ಜಿ, ನಾನು ಅವರನ್ನು ಆಯಿ ಎನ್ನುತ್ತೇನೆ, ಒಂದು ಬುಧವಾರ ಸಂಜೆ ಬಾಗಿಲಲ್ಲಿ ನಿಂತು, ‘ಟೀಚರಮ್ಮ, ಇವತ್ತ ನಮ್ಮ ಮನ್ಯಾಗ ಕೂಟ ಅದ, ಬರ್ರಿ’ ಎಂದರು. ಅವರು ಕೇಳಿದ ರೀತಿಗೆ ಒಲ್ಲೆ ಎನ್ನಲು ಬರಲಿಲ್ಲ.

ಈ ಕೂಟ ವಾರಕ್ಕೊಬ್ಬರ ಮನೆಯಲ್ಲಿ ನಡೆಯುತ್ತದೆ. ಎಂಟು ಹತ್ತು ಮನೆಯವರು, ಅಷ್ಟೇ. ಒಬ್ಬರು ಗೌಂಡಿ ಕೆಲಸದವರು, ಒಬ್ಬರು ಆಟೋ ಓಡಿಸುತ್ತಾರೆ, ಆಸ್ಪತ್ರೆಯಲ್ಲಿ ಆಯಾ ಆಗಿರುವ ಒಬ್ಬ ಹೆಂಗಸು, ಸುಗ್ಗಿಯಲ್ಲಿ ತೊಗರಿ, ಸೋಯಾ ಕಟಾವಿಗೆ ಕೂಲಿಗೆ ಹೋಗುವವರು ಮೂರು ನಾಲ್ಕು ಮಂದಿ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಒಬ್ಬ ಹುಡುಗ. ಸಭಾಪಾಲಕರಿಗೆ ಹಲವು ಹಳ್ಳಿಗಳ ಜವಾಬ್ದಾರಿ, ಅವರು ಪ್ರತಿ ವಾರ ಬರುವುದಿಲ್ಲ. ಹಾಗಾಗಿ ಕೂಟವನ್ನು ನಡೆಸುವವರು ಇವರೇ. ಚಾಪೆ ಹಾಸುತ್ತಾರೆ, ಢೋಲಕ್, ತಾಳ ಹಿಡಿದು ಭಜನೆಯ ಮಟ್ಟಿನಲ್ಲಿ ಹಾಡುತ್ತಾರೆ. ಓದು ಬಲ್ಲವರು ಒಂದು ಭಾಗ ಓದುತ್ತಾರೆ. ಆಮೇಲೆ ಆಯಿ ಸುತ್ತ ನೋಡಿ ಒಬ್ಬೊಬ್ಬರನ್ನೇ ಕೇಳುತ್ತಾರೆ: ‘ಈ ವಾರ ಜೀವ ಹ್ಯಾಂಗದ?’

ಈ ಪ್ರಶ್ನೆಗೆ ‘ದೇವರ ಕೃಪೆಯಿಂದ ಚೆನ್ನಾಗಿದೆ’ ಎಂದರೆ ಇಲ್ಲಿ ಸಾಲದು. ಸುಮ್ಮನೆ ಕಾಯುತ್ತಾರೆ. ಮುಂದಿನ ಮಾತು ತಾನಾಗಿ ಬರುತ್ತದೆ. ಗೌಂಡಿ ಕಾಕಾ ಶನಿವಾರ ಪಗಾರ ಕೈಗೆ ಬಂದರೆ ನೇರ ಕುಡಿತದ ಅಂಗಡಿಗೆ ಹೋಗುತ್ತಿದ್ದರಂತೆ. ಅದನ್ನು ಅವರೇ ಹೇಳಿದರು, ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಯಾರೂ ವಾಕ್ಯ ತೆಗೆದು ಉಪದೇಶ ಮಾಡಲಿಲ್ಲ. ಆಟೋದವರು, ‘ಶನಿವಾರ ನಾ ಬರ್ತೀನಿ, ಇಬ್ಬರೂ ಕೂಡೇ ಮನೀಗಿ ಬರೋಣು’ ಎಂದರು. ಈಗ ಪ್ರತಿ ಶನಿವಾರ ಹಾಗೇ ನಡೆಯುತ್ತಿದೆ. ಎಷ್ಟು ದಿನ ನಡೆದೀತೋ ದೇವರೇ ಬಲ್ಲ, ಆದರೆ ಆ ಮನೆಯ ಮಕ್ಕಳ ಮುಖದಲ್ಲಿ ಆಗಲೇ ಬದಲಾವಣೆ ಕಾಣುತ್ತದೆ.

ನನ್ನ ಸರದಿ ಬಂದಾಗ ಸತ್ಯವನ್ನೇ ಹೇಳಿದೆ. ಅವ್ವ ತೀರಿದ ಮೇಲೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ, ನಂಬಿಕೆ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಎಂದೆ. ಅಕ್ಕ, ನಾನು ಹೆದರಿದ್ದು ಎರಡಕ್ಕೆ: ಒಂದು ಗದರಿಕೆಗೆ, ಇನ್ನೊಂದು ಸಿಹಿ ಸಮಾಧಾನಕ್ಕೆ. ಎರಡೂ ಬರಲಿಲ್ಲ. ಆಯಿ ನನ್ನ ಕೈ ಹಿಡಿದುಕೊಂಡು, ‘ಬರಲ್ದಿದ್ರ ಬಿಡು ಯವ್ವಾ. ನಮ್ಮ ಜೋಡಿ ಕೂಡು. ನಿನ್ನ ಪಾಲಿಂದು ನಾವು ಮಾಡ್ತೀವಿ. ನಿನಗ ಬಂದಾಗ ನೀ ಮಾಡಂತಿ’ ಎಂದರು. ಮತ್ತೆ ಹಾಗೇ ಮಾಡಿದರು. ಪ್ರತಿ ಬುಧವಾರ ಯಾರಾದರೂ ಒಬ್ಬರು ಅವ್ವನ ಹೆಸರು ಹಿಡಿದು, ನನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ನಾನು ಕೂತು ಕೇಳುತ್ತಿದ್ದೆ.

ಒಂದು ವಾರ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ ಬಂತು, ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಕತೆ. ಚಿಕ್ಕವರಿದ್ದಾಗಿನಿಂದ ಕೇಳಿದ ಕತೆಯೇ. ಆದರೆ ಗೌಂಡಿ ಕಾಕಾ ಅದನ್ನು ಬಿಡಿಸಿ ಹೇಳಿದ ಹಾಗೆ ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ. ಈ ಸೀಮೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ಅವರು ಎಷ್ಟೋ ಬಿಚ್ಚಿದ್ದಾರೆ, ಎಷ್ಟೋ ಕಟ್ಟಿದ್ದಾರೆ. ‘ಮಾಳಿಗಿ ತೆಗಿಯೋದು ಸಣ್ಣ ಕೆಲಸ ಅಲ್ರಿ. ಮ್ಯಾಲಿನ ಮಣ್ಣ ಕೆದರಬೇಕು, ತೊಲಿ ನಡಬರಕಿನ ಕಟಗಿ ಸರಸಬೇಕು. ಕೆಳಗ ಕುಂತವರ ತಲಿ ಮ್ಯಾಲ ಧೂಳ ಬೀಳ್ತದ, ಮನಿ ಮಾಲಕ ಬೈತಾನ. ಆ ನಾಲ್ಕು ಮಂದಿ ಬೈಸ್ಕೋತನೇ ಮಾಡ್ಯಾರ. ಮಲಗಿದಾಂವಗ ಒಂದು ಕಟಗಿ ಎತ್ತಾಕ ಬರ್ತಿರಲಿಲ್ಲ.’ ಅಷ್ಟು ಹೇಳಿ ಅವರು ಸುಮ್ಮನಾದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು ಎಂದು ಅಲ್ಲಿ ಬರೆದಿದೆಯಲ್ಲ, ಆ ಸಾಲು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ಇಷ್ಟು ವರ್ಷ ನಾನು ನಂಬಿಕೆಯೆಂದರೆ ನನ್ನೊಬ್ಬಳ ಎದೆಯೊಳಗಿನ ಸಂಗತಿ, ಅದು ಬತ್ತಿದರೆ ನನ್ನದೆಲ್ಲ ಮುಗಿಯಿತು ಎಂದು ತಿಳಿದಿದ್ದೆ. ನನ್ನ ಪಾಲಿನದನ್ನು ಬೇರೆಯವರು ಸ್ವಲ್ಪ ಕಾಲ ಹೊರಬಹುದು ಎಂಬುದು ಈ ಚಾಪೆಯ ಮೇಲೆ ಗೊತ್ತಾಯಿತು.

ಈ ಪದ್ಧತಿ ಇವರೇ ಕಂಡುಹಿಡಿದದ್ದಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಮೆಥೋಡಿಸ್ಟರ ಮೂಲಗುರು ಜಾನ್ ವೆಸ್ಲಿಯ ಅನುಯಾಯಿಗಳಿಗೆ ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಹನ್ನೆರಡು ಮಂದಿಗೆ ಒಂದು ಗುಂಪು, ತಲೆಗೆ ವಾರಕ್ಕೊಂದು ಪೆನ್ನಿ, ವಸೂಲಿಗೆ ಒಬ್ಬ ಮುಂದಾಳು ಎಂದು ಮಾಡಿಕೊಂಡರು. ಮುಂದಾಳು ಮನೆಮನೆಗೆ ಹೋದಾಗ ಕಂಡದ್ದು ಬರೀ ಪೆನ್ನಿಯಲ್ಲ. ಒಬ್ಬನ ಕುಡಿತ, ಒಬ್ಬಳ ಕಾಯಿಲೆ, ಒಂದು ಮನೆಯ ಜಗಳ. ವೆಸ್ಲಿ ಅದನ್ನೇ ಹಿಡಿದು, ವಾರಕ್ಕೊಮ್ಮೆ ಗುಂಪಾಗಿ ಸೇರಿ ಒಬ್ಬರ ಬಾಳನ್ನು ಒಬ್ಬರು ವಿಚಾರಿಸಿಕೊಳ್ಳುವ ಕ್ರಮವನ್ನಾಗಿ ಬೆಳೆಸಿದ. ಮುಂದಿನ ವರ್ಷ, 1743ರಲ್ಲಿ, ಅವರಿಗೆ ಮೂರು ನಿಯಮ ಬರೆದುಕೊಟ್ಟ: ಕೇಡು ಮಾಡಬೇಡ, ಒಳ್ಳೆಯದು ಮಾಡು, ದೇವರು ನೇಮಿಸಿದ ಆರಾಧನೆ, ಪ್ರಾರ್ಥನೆಗಳನ್ನು ಬಿಡಬೇಡ. ಗಣಿ ಕೆಲಸದವರು, ನೇಕಾರರು ಕೂಡುತ್ತಿದ್ದ ಕೂಟಗಳು ಅವು. ಚಿದ್ರಿಯ ಕೂಟದಲ್ಲಿಯೂ ಒಂದು ತಗಡಿನ ಡಬ್ಬಿ ಇದೆ. ಆದವರು ಹತ್ತು ರೂಪಾಯಿ ಹಾಕುತ್ತಾರೆ. ಆಸ್ಪತ್ರೆಗೆ ಹೋಗುವವರ ಬಸ್ ಚಾರ್ಜು, ಮಕ್ಕಳ ಪರೀಕ್ಷೆ ಫೀಸು ಅದರಿಂದಲೇ.

ಹೋದ ತಿಂಗಳು ಬಸವಕಲ್ಯಾಣಕ್ಕೆ ಹೋಗಿ ಬಂದೆ. ಇಲ್ಲಿಂದ ಎಂಬತ್ತು ಕಿಲೋಮೀಟರಿನಷ್ಟು ದೂರ. ಆ ನೆಲದಲ್ಲಿ ನಡೆಯುವಾಗ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಇದು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಅನುಭವ ಮಂಟಪದ ದೊಡ್ಡ ಚರ್ಚೆಗಳೆಲ್ಲ ಒಂದು ಕಡೆ, ಅಡುಗೆಮನೆಯ ಬಾಗಿಲಲ್ಲಿ ನಡೆದ ಈ ಮಾತು ಒಂದು ಕಡೆ. ಜೊತೆಗೆ ಬಾಳುವವರೇ ದಾರಿ ತೋರುವುದು ಈ ನೆಲಕ್ಕೆ ಎಂಟು ನೂರು ವರ್ಷಗಳಿಗೂ ಹಳೆಯ ಪರಿಚಯ. ನಮ್ಮ ವಿಶ್ವಾಸ ಬೇರೆ, ಶರಣರದು ಬೇರೆ, ಅದನ್ನು ಕಲಸಲು ನಾನು ಹೋಗುವುದಿಲ್ಲ. ಆದರೆ ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ಹಿರಿಯರೆಂದು ನಮಿಸಿದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ ಎಂಬುದು ನಮ್ಮ ಕೂಟದವರಿಗೂ ಗೊತ್ತು, ಅವರು ಅದನ್ನು ಅಭಿಮಾನದಿಂದ ಹೇಳುತ್ತಾರೆ. ಯಾಕೆಂದರೆ ಇವರಲ್ಲಿ ಹೆಚ್ಚಿನವರು ಮಾದಿಗ ಮನೆತನದವರು.

ಇಲ್ಲಿ ಆ ಡಿಪ್ಲೊಮಾ ಹುಡುಗನ ವಿಷಯ ಬರೆಯಲೇಬೇಕು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಅವರು ಸೇರುವುದು ಹಿಂದುಳಿದ ವರ್ಗಗಳ ಪಟ್ಟಿಗೆ. ಹಳ್ಳಿಯ ಬಾವಿಯ ಹತ್ತಿರ, ಹೋಟೆಲ್ಲಿನ ಲೋಟದಲ್ಲಿ ಅವಮಾನ ಮಾಡುವವನು ಚರ್ಚಿಗೆ ಹೋಗುತ್ತೀಯಾ ಎಂದು ಕೇಳಿ ಮಾಡುವುದಿಲ್ಲ, ಅಕ್ಕ. ಅದು ಹಾಗೇ ಇದೆ. ಹುಡುಗ ನೌಕರಿಯ ಅರ್ಜಿ ಕೈಯಲ್ಲಿ ಹಿಡಿದು ಬಂದು, ಧರ್ಮದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ. ಮನೆಯಲ್ಲಿ ಅಪ್ಪನಿಗೆ ಕಾಯಿಲೆ, ತಂಗಿಯ ಓದು ಅರ್ಧಕ್ಕೆ ನಿಂತಿದೆ.

ನಾನು ಹೊರಗಿನವಳು, ನನ್ನ ಹೊಟ್ಟೆ ತುಂಬಿದೆ; ನಿಜ ಬರಿ ಎಂದು ಹೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಸ್ಪತ್ರೆಯ ಆಯಾ ತಮ್ಮ ಮನೆಯಲ್ಲಿ ಒಬ್ಬ ಮಗ ಒಂದು ಥರ ಬರೆದದ್ದು, ಇನ್ನೊಬ್ಬ ಇನ್ನೊಂದು ಥರ ಬರೆದದ್ದು, ಇಬ್ಬರೂ ಪಟ್ಟ ಪಾಡು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಆಟೋದವರು, ‘ನೀ ಏನ ಬರದ್ರೂ ಬುಧವಾರ ಇಲ್ಲಿ ಬರೋದು ಬಿಡಬ್ಯಾಡ’ ಎಂದರು. ಹುಡುಗ ಮರುವಾರ ಬಂದು ‘ಕ್ರೈಸ್ತ’ ಅಂತಲೇ ಬರೆದೆ ಎಂದ. ಆ ಕೆಲಸ ಅವನಿಗೆ ಸಿಗಲಿಲ್ಲ. ಅವನ ತಂಗಿಯ ಫೀಸನ್ನು ಈಗ ಡಬ್ಬಿಯಿಂದ ಕೊಡುತ್ತಿದ್ದಾರೆ. ಆ ಆದೇಶ ಅನ್ಯಾಯದ್ದು ಎಂದು ನಾನು ಮೊದಲಿನಿಂದಲೂ ನಂಬಿದವಳು. ಆ ಅನ್ಯಾಯ ಒಂದು ಮನೆಯೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಈಗ ಕಣ್ಣಾರೆ ನೋಡಿದೆ.

ಸಣ್ಣ ಕೂಟಕ್ಕೆ ಅಪಾಯಗಳೂ ಇವೆ. ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತು; ಒಂದು ಮಾತು ಹೊರಗೆ ಹೋದರೆ ಬಾಳೇ ಕೆಡಬಹುದು. ಆಯಿ ಈ ವಿಷಯದಲ್ಲಿ ಕಟ್ಟುನಿಟ್ಟು. ಚಾಪೆ ಮೇಲಿನ ಮಾತು ಚಾಪೆ ಸುತ್ತಿದಾಗ ಮುಗಿಯಿತು, ಬಾವಿಕಟ್ಟೆಗೆ ಹೋಗಬಾರದು ಎನ್ನುತ್ತಾರೆ. ಮತ್ತೆ ಒಬ್ಬರೇ ಎಲ್ಲರಿಗೂ ದೇವರ ಚಿತ್ತ ಇದೇ ಎಂದು ಹೇಳಲು ಶುರುಮಾಡಿದರೆ ಅಂಥ ಕೂಟ ಉಸಿರುಗಟ್ಟಿಸುತ್ತದೆ. ಅಂಥವನ್ನು ನಾನೂ ನೀನೂ ನೋಡಿದ್ದೇವೆ. ಇಲ್ಲಿ ಹಾಗಾಗದಿರುವುದಕ್ಕೆ ಕಾರಣ, ಕೇಳುವವರನ್ನೂ ಕೇಳುತ್ತಾರೆ. ಎಲ್ಲರ ಸರದಿ ಮುಗಿದ ಮೇಲೆ ಕಿರಿಯರಲ್ಲಿ ಯಾರಾದರೂ ಆಯಿಯ ಕಡೆ ತಿರುಗಿ, ‘ನಿಮ್ಮ ಜೀವ ಹ್ಯಾಂಗದ?’ ಎನ್ನುತ್ತಾರೆ. ಅವರೂ ತಪ್ಪಿಸಿಕೊಳ್ಳದೆ ಉತ್ತರ ಕೊಡುತ್ತಾರೆ.

ನನ್ನ ಪ್ರಾರ್ಥನೆ ಪೂರ್ತಿ ಮರಳಿದೆ ಎಂದು ಬರೆದರೆ ಸುಳ್ಳಾದೀತು. ಬೆಳಿಗ್ಗೆ 121ನೇ ಕೀರ್ತನೆ ಓದುತ್ತೇನೆ, ಅವ್ವನಿಗೆ ಬಾಯಿಪಾಠವಿದ್ದ ಕೀರ್ತನೆ. ಕೆಲವು ದಿನ ಅದರ ಹಿಂದೆಯೇ ನನ್ನ ಮಾತೂ ಬರುತ್ತದೆ. ಮುಂದೇನು ಮಾಡಲಿ ಎಂದು ದಾರಿ ಕಾಣದೆ ಇದ್ದವಳಿಗೆ ಒಂದು ಕೆಲಸವನ್ನೂ ಇವರೇ ಹಚ್ಚಿದ್ದಾರೆ: ಭಾನುವಾರ ಮಧ್ಯಾಹ್ನ ಇವರ ಮಕ್ಕಳಿಗೆ, ಕಲಿಯಲು ಮನಸ್ಸಿದ್ದ ಇಬ್ಬರು ತಾಯಂದಿರಿಗೆ, ಕನ್ನಡ ಓದಲು ಕಲಿಸುವುದು. ಸತ್ಯವೇದವನ್ನು ತಾವೇ ಓದಬೇಕೆಂಬ ಆಸೆ ಅವರದು. ಅದಕ್ಕೇ ಮುಂದಿನ ವರ್ಷ ಗದಗಿಗೆ ವರ್ಗ ಕೇಳಬೇಕೆಂದಿದ್ದ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ನಿನಗೆ ಬೇಸರವಾಗುತ್ತದೆ, ಗೊತ್ತು. ಕೂಟದಲ್ಲಿಯೂ ಇದನ್ನು ಹೇಳಿದೆ. ‘ಅಕ್ಕನ್ನ ಕೇಳಿ ಮಾಡು’ ಎಂದರು. ಅದಕ್ಕೇ ಈ ಕಾಗದದಲ್ಲಿ ಕೇಳುತ್ತಿದ್ದೇನೆ.

ಜನವರಿಯಲ್ಲಿ ಎಳ್ಳ ಅಮವಾಸ್ಯೆಯ ಹೊತ್ತಿಗೆ ಬಾ. ಇಲ್ಲಿ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತದೆ, ನಮ್ಮನ್ನೂ ಕರೆದಿದ್ದಾರೆ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲು ಇದೆ, ಬಸ್ಸಿನ ಕುಲುಕಾಟ ಬೇಡ. ರಾತ್ರಿ ಚಳಿ ಜಾಸ್ತಿ, ಸ್ವೆಟರ್ ತಾ. ಅವ್ವನ ಹಳೆಯ ಗೀತೆಗಳ ಪುಸ್ತಕ ಕಪಾಟಿನ ಮೇಲಿನ ಅರೆಯಲ್ಲಿದೆ, ಅದನ್ನೂ ತಾ. ಅದರಲ್ಲಿನ ಕೆಲವು ಮಟ್ಟು ಇವರಿಗೆ ಗೊತ್ತಿಲ್ಲ, ಕಲಿಸಿಕೊಡು ಎಂದು ಬೆನ್ನು ಹತ್ತಿದ್ದಾರೆ. ಬುಧವಾರ ಇಲ್ಲಿರುವ ಹಾಗೆ ಟಿಕೆಟ್ ಮಾಡಿಸು. ಆಯಿ ನಿನ್ನನ್ನೂ ಕೇಳುತ್ತಾರೆ.

ಭಾವನಿಗೆ, ಮಕ್ಕಳಿಗೆ ವಂದನೆ ಹೇಳು.

ನಿನ್ನ ತಂಗಿ