ಬೆಟ್ಟದ ಗುಡಿಯ ನಂದಾದೀಪ

ಶಾಲೆಯಿಂದ ಹೊರಟ ಎಷ್ಟೋ ಮಕ್ಕಳನ್ನು “ಎಲ್ಲಿಯಾದರೂ ಇರಿ, ಸುಖವಾಗಿರಿ” ಎಂದು ಹರಸಿ ಕಳುಹಿಸಿದ ಮಾಸ್ತರನು ನಾನು. ಆದರೆ ಸ್ವಂತ ಮಗನು ಜಪಾನಿನಲ್ಲಿಯೇ ನೆಲೆಸುವುದಾಗಿ ಬರೆದಾಗ ಆ ಹರಕೆ ನನ್ನ ಬಾಯಿಂದ ಬರಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ನಿವೃತ್ತಿಯ ತರುವಾಯ ಒಂದು ಚಳಿಗಾಲದಲ್ಲಿ ಸೆಂದಾಯ್ ನಗರದ ಅವನ ಮನೆಗೆ ಹೋದೆನು. “ಊರಿಗೆ ಮರಳಿ ಬಾ” ಎಂದು ಹೇಳುವುದೇ ನನ್ನ ಉದ್ದೇಶವಾಗಿತ್ತು.

ಜನವರಿಯ ಒಂದು ಮುಂಜಾನೆ ಅವನು ನನ್ನನ್ನು ಯಾಮಾದೆರಾಕ್ಕೆ ಕರೆದೊಯ್ದನು. ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಯಾಮಾದೆರಾ ಎಂದರೆ ಬೆಟ್ಟದ ಗುಡಿ. ರಿಶ್ಶಾಕುಜಿ ಎಂಬುದು ಅದರ ವಿಧಿವತ್ತಾದ ಹೆಸರು. ತೆಂಡಾಯ್ ಪಂಥದ ಎನ್ನಿನ್ ಎಂಬ ಬೌದ್ಧ ಯತಿಗಳು 860ರಲ್ಲಿ ಇದನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ.

ಮೇಲಿನ ಗುಡಿಗೆ ಸಾವಿರಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲುಗಳು. ಜನರು ತುಳಿದು ಗಟ್ಟಿಯಾದ ಹಿಮದಲ್ಲಿ ಅವುಗಳ ಅಂಚೇ ಕಾಣದಾಗಿತ್ತು. ಕವಿ ಬಾಶೋ 1689ರ ಬೇಸಗೆಯಲ್ಲಿ ಇಲ್ಲಿಗೆ ಬಂದು, ಜೀರುಂಡೆಗಳ ದನಿಯನ್ನು ಕುರಿತು ಬರೆದ ಹಾಯ್ಕು ಆ ನಾಡಿನಲ್ಲಿ ಮನೆಮಾತಾಗಿದೆ. ನಾವು ಹೋದಾಗ ಜೀರುಂಡೆಗಳಿರಲಿಲ್ಲ. ಎತ್ತರದ ಮರಗಳ ಕೊಂಬೆಯಿಂದ ಹಿಮದ ಮುದ್ದೆ ಜಾರಿ ಬೀಳುವ ಸದ್ದೊಂದೇ. ಅರ್ಧ ದಾರಿಯಲ್ಲಿ ನನ್ನ ಮೊಣಕಾಲು ಸೋತಿತು. “ಅಪ್ಪಾಜಿ, ನನ್ನ ಕೈ ಹಿಡಿದುಕೊಳ್ಳಿರಿ” ಎಂದನು. ಹಲವು ವರ್ಷಗಳ ಮೇಲೆ ಆ ಕೈಯನ್ನು ಹಿಡಿದೆನು. ಬಂಡೆಯ ಅಂಚಿನಲ್ಲಿರುವ ಗೋದಾಯ್‌ದೋ ಮಂಟಪದಿಂದ ಬೆಳ್ಳಗಾದ ಕಣಿವೆಯನ್ನು ನೋಡುತ್ತ ನಿಂತೆವು. ಹೇಳಬೇಕೆಂದಿದ್ದ ಮಾತು ಅಲ್ಲಿಯೂ ನಾಲಗೆಗೆ ಬರಲಿಲ್ಲ.

ಇಳಿದು ಬಂದ ಮೇಲೆ ಬೆಟ್ಟದ ಬುಡದಲ್ಲಿರುವ ಮುಖ್ಯ ಮಂದಿರವನ್ನು ಹೊಕ್ಕೆವು. ಒಳಗೆ ನಂದಾದೀಪ ಉರಿಯುತ್ತಿತ್ತು. ಅದರ ಕಥೆಯನ್ನು ಮಗನೇ ಹೇಳಿದನು. ಆ ಜ್ಯೋತಿಯನ್ನು ಮೊದಲು ತಂದುದು ಕ್ಯೋಟೋ ಸಮೀಪದ ಹಿಯೇ ಪರ್ವತದ ಎನ್ರ್ಯಾಕುಜಿ ಎಂಬ ಮೂಲ ವಿಹಾರದಿಂದ. 1521ರಲ್ಲಿ ಯಾಮಾದೆರಾ ಯುದ್ಧದ ಬೆಂಕಿಗೆ ಬಲಿಯಾಯಿತು. ಅದನ್ನು ಮರಳಿ ಕಟ್ಟಿದಾಗ ಹಿಯೇ ಪರ್ವತದಿಂದಲೇ ಮತ್ತೊಮ್ಮೆ ಜ್ಯೋತಿ ಬಂದಿತು. 1571ರಲ್ಲಿ ಒದಾ ನೊಬುನಾಗನೆಂಬ ಸೇನಾಧಿಪತಿಯು ಹಿಯೇ ಪರ್ವತದ ವಿಹಾರವನ್ನೇ ಸುಟ್ಟು ಬೂದಿ ಮಾಡಿದನು. ಅದು ಮತ್ತೆ ತಲೆಯೆತ್ತಿದಾಗ ಅಲ್ಲಿಯ ದೀಪಕ್ಕೆ ಬೆಂಕಿ ಹೋದುದು ಈ ದೂರದ ಬೆಟ್ಟದಿಂದ!

ನಾನು ಬಹಳ ಹೊತ್ತು ಆ ದೀಪವನ್ನು ನೋಡಿದೆನು. ಮೂಲದ ಜ್ಯೋತಿ ಆರಿದಾಗ ಅದನ್ನು ಉಳಿಸಿಕೊಟ್ಟುದು ದೂರಕ್ಕೆ ಹೋದ ಕಿಡಿ. ಆ ಕಿಡಿಯನ್ನು ಕಳುಹಿಸಿದವರು ಅದನ್ನು ಕಳೆದುಕೊಂಡೆವೆಂದು ಕೊರಗಿರಲಾರರು.

ಅಂದು ರಾತ್ರಿ ಮೊಮ್ಮಗಳು ಒಂದು ನೋಟುಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಸೊಟ್ಟಸೊಟ್ಟಾಗಿ ಕನ್ನಡದ ವರ್ಣಮಾಲೆ. ಪ್ರತಿ ಭಾನುವಾರ ಅವಳ ತಂದೆಯೇ ಬರೆಯಿಸುತ್ತಾನಂತೆ. ಹದಿನೈದು ದಿನಗಳಿಂದ ಆ ಪುಸ್ತಕ ನಾನು ಕೂರುವ ಕುರ್ಚಿಯ ಪಕ್ಕದಲ್ಲಿಯೇ ಇತ್ತು. ನನ್ನ ಸಿಟ್ಟಿನಲ್ಲಿ ನಾನೇ ಅದನ್ನು ತೆರೆದು ನೋಡಿರಲಿಲ್ಲ. “ಳ”ಕಾರವನ್ನು ತಿದ್ದಿಕೊಟ್ಟೆನು.

ಮರಳಿ ಬಾ ಎಂದು ಹೇಳಲೆಂದು ಹೋದವನು ಹೇಳದೆಯೇ ಬಂದೆನು. ವಿಮಾನ ನಿಲ್ದಾಣದಲ್ಲಿ ಮಗನು ನನ್ನ ಕಾಲು ಮುಟ್ಟಿ ನಮಸ್ಕರಿಸಿದಾಗ, ಇತರರ ಮಕ್ಕಳಿಗೆಲ್ಲ ಹೇಳಿದ ಹರಕೆಯನ್ನು ಅವನಿಗೂ ಹೇಳಿದೆನು.